ಬರಿದು ಮಾಡುವ ಹೊತ್ತು

ಸಂಜೆಯಾಯಿತೆಂದರೆ ಆ ಮನೆಯ ಮೂವರೂ ಕೂತು ಲ್ಯಾಪ್‌ಟಾಪಿನ ಬ್ಯಾಟರಿ ಬರಿದು ಮಾಡುತ್ತಿದ್ದರು.

"ಇನ್ನೂ ಒಂಬತ್ತು ಉಳಿದಿದೆ. ಮಾತಾಡೋ," ಎನ್ನುತ್ತಿದ್ದ ಸೆಲ್ಲಪ್ಪ, ಪರದೆಯ ಮೂಲೆಯ ಪುಟ್ಟ ಅಂಕಿಯ ಮೇಲೆ ಕಣ್ಣು ನೆಟ್ಟು.

ಗಾಲಿಕುರ್ಚಿಯಲ್ಲಿದ್ದ ಮಗನ ಮೈಯಲ್ಲಿ ಮಾತು ಕೇಳುತ್ತಿದ್ದದ್ದು ಎರಡೇ: ಮುಖ, ಮತ್ತು ಬಲಗೈಯ ತೋರುಬೆರಳು. ಬೆರಳಿನ ಅಡಿಗೆ ಒಂದು ಗುಂಡಿ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ಬೇಕಾದ ಸಾಲು ಬಂದಾಗ ಒಮ್ಮೆ ಒತ್ತಬೇಕು, ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ. ಇರುವೆ ಸಕ್ಕರೆ ಹೊತ್ತ ಹಾಗೆ ಅಕ್ಷರ ಹೊತ್ತು ಒಂದು ವಾಕ್ಯ ಕೂಡಿತೆಂದರೆ ಲ್ಯಾಪ್‌ಟಾಪು ಅದನ್ನು ಅವನದೇ ದನಿಯಲ್ಲಿ ಹೇಳುತ್ತಿತ್ತು. ಗಂಟಲು ಪೂರ್ತಿ ಕೈಕೊಡುವ ಮುಂಚೆ ಮಾತಿನ ಚಿಕಿತ್ಸೆಯಾಕೆ ಅವನನ್ನು ವಾರಗಟ್ಟಲೆ ಕೂರಿಸಿ, ಓದಿಸಿ, ಕೂಗಿಸಿ, ಆ ದನಿಯನ್ನು ಯಂತ್ರಕ್ಕೆ ತುಂಬಿಸಿದ್ದಳು.

"ಸೋರೆಕಾಯಿಗೆ ಮದುವೆ ಮಾಡ್ಸಿದ ಕತೆ ಹೇಳ್ಲಾ?" ಎಂದಿತು ದನಿ.

"ಮೊನ್ನೆ ಹೇಳಿದ್ರಲ್ರೀ," ಎಂದಳು ಮಗನ ಹೆಂಡತಿ, ಒಗೆದ ಬಟ್ಟೆ ಮಡಿಸುತ್ತ.

"ಮೊನ್ನೆ ಗಂಡಿನ ಕಡೆಯಿಂದ ಹೇಳಿದ್ದು. ಇವತ್ತು ಹೆಣ್ಣಿನ ಕಡೆಯಿಂದ."

"ಹೆಣ್ಣು ಯಾರು?"

"ಕುಂಬಳಕಾಯಿ. ದೊಡ್ಡ ಮನೆತನ."

ಅವಳು ನಕ್ಕಳು. ಸೆಲ್ಲಪ್ಪನೂ ನಕ್ಕ, ಆದರೆ ಕಣ್ಣು ಅಂಕಿಯಿಂದ ಕದಲಲಿಲ್ಲ. ಅಂಕಿ ಇಳಿಯುತ್ತಿತ್ತು. ಬೆರಳು ಒತ್ತುತ್ತಿತ್ತು. "ಹೆಣ್ಣಿನ ಕಡೆಯವರು ಬಂದು ನೋಡಿ ಹೇಳಿದ್ರು," ಎಂದಿತು ದನಿ, "ಗಂಡು ಏನೋ ಉದ್ದಕ್ಕಿದ್ದಾನೆ, ಆದ್ರೆ ಒಳಗೆ..."

ಪರದೆ ಕಪ್ಪಾಯಿತು.

"ಹಾಂ, ಈಗ ಸರಿ," ಎಂದು ಸೆಲ್ಲಪ್ಪ ಎದ್ದು, ಸುರುಳಿ ಸುತ್ತಿಟ್ಟ ವೈರು ಬಿಚ್ಚಿ, ಚಾರ್ಜರನ್ನು ಚುಚ್ಚಿ ಸ್ವಿಚ್ಚು ಹಾಕಿದ. ಪೂರ್ತಿ ಬರಿದಾಗದೆ ಚಾರ್ಜಿಗೆ ಹಾಕಬಾರದು. ಹಾಕಿದ ಮೇಲೆ ಪೂರ್ತಿ ತುಂಬುವ ತನಕ ಮುಟ್ಟಬಾರದು. ಇದು ಅವನ ನಿಯಮ. ತುಂಬುವ ತನಕ ಮಗ ಕಣ್ಣು ಪಿಳುಕಿಸುತ್ತ ಕೂತಿರುತ್ತಿದ್ದ. ಸೋರೆಕಾಯಿಯ ಒಳಗೇನಿತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮರುದಿನದ ಹೊತ್ತಿಗೆ ಹೊಸ ಮಾತು, ಹೊಸ ಕತೆ. ಯಾವ ಕತೆಯೂ ಅಲ್ಲಿ ಮುಗಿದದ್ದಿಲ್ಲ.

ಸೆಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಗ್ನಿಶಾಮಕ ಠಾಣೆಯಲ್ಲಿ ವಾಕಿಟಾಕಿಗಳ ಬ್ಯಾಟರಿ ನೋಡಿಕೊಳ್ಳುವ ಕೋಣೆ ಅವನದಾಗಿತ್ತು. ಸೆಲ್ಲುಗಳ ಜೊತೆ ಸಂಸಾರ ಮಾಡುವವನೆಂದು ಬೆಂಕಿ ಆರಿಸುವ ಹುಡುಗರು ಹಾಗೆ ಕರೆದರು. ಕೊನೆಗೆ ಸಾಹೇಬರ ಬಾಯಲ್ಲೂ ಅದೇ ನಿಂತಿತು. ಆ ಕಾಲದ ಬ್ಯಾಟರಿಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ಅರ್ಧ ಖಾಲಿಯಾದಾಗಲೇ ಚಾರ್ಜಿಗೆ ಹಾಕಿದರೆ, ಮತ್ತೆ ಮತ್ತೆ ಹಾಗೇ ಮಾಡಿದರೆ, ಅವು ಆ ಅರ್ಧವನ್ನೇ ತಳವೆಂದು ನೆನಪಿಟ್ಟುಕೊಂಡು ಅಲ್ಲಿಗೇ ಕೈಚೆಲ್ಲುತ್ತಿದ್ದವು. "ಬ್ಯಾಟರಿಗೆ ನೆನಪಿರುತ್ತೆ ಕಣ್ರೋ," ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. "ಹಸಿಯೋ ಮುಂಚೆ ಉಣ್ಣಿಸಿದ್ರೆ ಅದು ಸೋಮಾರಿ ಆಗುತ್ತೆ."

ಒಮ್ಮೆ ಅವನು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿದ್ದಾಗ, ಬದಲಿ ಬಂದವನು ಸೆಟ್ಟುಗಳನ್ನು ಕಂಡಕಂಡಾಗಲೆಲ್ಲ ಚಾರ್ಜಿಗೆ ಸಿಕ್ಕಿಸಿದ. ಆಮೇಲೊಂದು ಗೋದಾಮಿಗೆ ಬೆಂಕಿ ಬಿತ್ತು. ಸೆಲ್ಲಪ್ಪನ ಜೀವದ ಗೆಳೆಯ, ಠಾಣೆಯಲ್ಲೆಲ್ಲ ಏಣಿಯಣ್ಣ ಎಂದು ಹೆಸರಾದವನು, ಮಹಡಿಯ ಮೆಟ್ಟಿಲ ಹೊಗೆಯೊಳಗಿಂದ "ಎಡಗಡೆ ಬಾಗಿಲು..." ಎಂದು ಶುರುಮಾಡಿದ. ಸೆಟ್ಟು ಸತ್ತಿತು. ಎಡಗಡೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಕೆಳಗಿದ್ದವರಿಗೆ ತಿಳಿಯಲಿಲ್ಲ. ಏಣಿಯಣ್ಣ ಏಣಿಯಿಲ್ಲದೆ ಹೋದ. ಅಂದಿನಿಂದ ಸೆಲ್ಲಪ್ಪನ ಮಟ್ಟಿಗೆ ಅರ್ಧ ಚಾರ್ಜು ಎಂಬುದು ಬರೀ ತಪ್ಪಾಗಿ ಉಳಿಯಲಿಲ್ಲ, ಪಾಪವಾಯಿತು. ನಿವೃತ್ತಿಯ ದಿನ ಕೊಟ್ಟ ಹಳೆಯ ಹೆಲ್ಮೆಟ್ಟು ಅವನ ಮನೆಯ ಅಟ್ಟಣಿಗೆಯ ಮೇಲೆ ಕೂತು ಈ ಸಂಜೆಗಳನ್ನೆಲ್ಲ ನೋಡುತ್ತಿತ್ತು.

ಮಗನಿಗೂ ಅಡ್ಡಹೆಸರೇ ಗಟ್ಟಿ. ತರಕಾರಿ ಮಂಡಿಯಲ್ಲಿ ಅವನು ಹರಾಜು ಕೂಗುತ್ತಿದ್ದವನು, ಅಲ್ಲಿ ಅವನನ್ನು ಎಲ್ಲರೂ ತುತ್ತೂರಿ ಎನ್ನುತ್ತಿದ್ದರು. ಕಟ್ಟೆ ಹತ್ತಿ "ಒಂದನೇ ಸಲ!" ಎಂದರೆ ಮಂಡಿಯ ಆಚೆ ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸುತ್ತಿತ್ತು. ಮೊದಲು ಕೈ ಸೋತಿತು, ಆಮೇಲೆ ಕಾಲು, ಆಮೇಲೆ ಆ ತುತ್ತೂರಿ. ಡಾಕ್ಟರು ಕಾಯಿಲೆಗೆ ಒಂದು ಉದ್ದನೆಯ ಹೆಸರು ಹೇಳಿದರು. ಮೈಯ ಸ್ನಾಯುಗಳು ಒಂದೊಂದಾಗಿ ಅಂಗಡಿ ಮುಚ್ಚುತ್ತವೆ ಎಂದಷ್ಟೇ ಸೆಲ್ಲಪ್ಪನಿಗೆ ಅರ್ಥವಾದದ್ದು. ಈಗ ಉಳಿದಿದ್ದ ಬೆರಳೂ ಮುಂಚಿನ ಹಾಗೆ ಚುರುಕಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಕಟ್ಟೆಯ ಪಕ್ಕ ಕೂತು ತೂಕ, ದರ ಬರೆದುಕೊಳ್ಳುತ್ತಿದ್ದವಳು ಅವನ ಹೆಂಡತಿ. ಯಾವ ಬೆಂಡೆ ಎಳೆಯದು, ಯಾವನು ಕೊಳೆತದ್ದನ್ನು ಚೀಲದ ಅಡಿಗೆ ಹಾಕಿ ತರುತ್ತಾನೆ, ಎಲ್ಲ ಅವಳಿಗೆ ಬೆರಳ ತುದಿಯಲ್ಲಿತ್ತು. ಕಟ್ಟೆ, ಎಂದರೆ ಅಲ್ಲಿ ಹರಾಜು ಕೂಗುವ ಹಕ್ಕು, ಅವಳಿಗೆ ಬಂದರೆ ಮನೆಯ ಒಲೆ ಉರಿಯುತ್ತದೆ. ಬರದಿದ್ದರೆ ಬೇರೆಯವರ ಕಟ್ಟೆಯ ಕೆಳಗೆ ಕೂಲಿಗೆ ಕೂರಬೇಕು. ಆದರೆ ಮಂಡಿಗೆ ಅದರದೇ ಕಟ್ಟಳೆ. ಕಟ್ಟೆ ಬಿಡುವವನು ಕಟ್ಟೆಯ ಮೇಲೇ ಕೂತು, ಎಲ್ಲರ ಎದುರು, ಯಾರಿಗೆ ಬಿಡುತ್ತೇನೆಂದು ಮಂಡಿ ಮುಚ್ಚುವ ಗಂಟೆ ಬಡಿಯುವುದರೊಳಗೆ ತನ್ನ ಬಾಯಲ್ಲೇ ಮೂರು ಸಲ ಕೂಗಬೇಕು. ಎರಡಕ್ಕೆ ನಿಂತರೆ ಅದು ಮಾರಾಟವಾಗದ ಸರಕು. ಮುಂದಿನ ಸಂತೆಯ ದಿನ ಬಹಿರಂಗ ಹರಾಜಿಗೆ ಬರುತ್ತದೆ.

ಯಂತ್ರದ ಬಾಯಿ ಬಾಯಿಯೋ ಅಲ್ಲವೋ ಎಂದು ಮಂಡಿಯವರು ಕೂತು ಜಗಳ ಮಾಡಿದ್ದರು. ಕೊನೆಗೆ ಅಧ್ಯಕ್ಷರು, "ಟೇಪು ಹಾಕಿ ಕೇಳಿಸಿದ್ರೆ ಒಪ್ಪಲ್ಲ. ಅವನೇ ಕೂತು, ನಾವು ಕೇಳಿದ್ದಕ್ಕೆ ಆಗಲೇ ಉತ್ತರ ಕೊಟ್ಟು, ಆಮೇಲೆ ತನ್ನ ಕೈಯಾರೆ ಕೂಗಲಿ. ದನಿ ಅವನದೇ ಅಂತೀರಲ್ಲ, ನೋಡೋಣ," ಎಂದಿದ್ದರು. ತಮ್ಮನ ಮಗನಿಗಾಗಿ ಆ ಕಟ್ಟೆಯ ಮೇಲೆ ಅವರಿಗೂ ಕಣ್ಣಿತ್ತು, ಆದರೂ ಆ ಮಾತು ನ್ಯಾಯವಾಗೇ ಇತ್ತು.

ತೊಂದರೆ ಇದ್ದದ್ದು ಬ್ಯಾಟರಿಯದು. ಬಂದ ಹೊಸದರಲ್ಲಿ ಬೆಳಗಿನಿಂದ ಸಂಜೆಯ ತನಕ ಬರುತ್ತಿತ್ತು. ಆಮೇಲೆ ಮಧ್ಯಾಹ್ನದ ಊಟಕ್ಕೆ ಸುಸ್ತಾಗತೊಡಗಿತು. ಈಚೆಗಂತೂ ತಿಂಡಿ ತಿಂದು ಕೈತೊಳೆಯುವಷ್ಟರಲ್ಲಿ ಅರ್ಧ ಹೋಗಿರುತ್ತಿತ್ತು. ಸೆಲ್ಲಪ್ಪ ಅದಕ್ಕೆ ಕೊಟ್ಟ ಔಷಧಿ ಒಂದೇ: ಇನ್ನೂ ಕಟ್ಟುನಿಟ್ಟಾಗಿ ಬರಿದು ಮಾಡುವುದು. ದಿನಕ್ಕೊಂದು ಸಲ ಇದ್ದದ್ದು ಎರಡಾಯಿತು, ಮೂರಾಯಿತು. ತುಂಬುವ ಹೊತ್ತೂ ಹಾಗೇ ಹೆಚ್ಚಿತು, ಮಗ ಮೂಕನಾಗಿ ಕೂರುವ ಹೊತ್ತೂ.

ಅಂಥ ಒಂದು ಹೊತ್ತಿನಲ್ಲಿ, ಸೊಸೆ ಮಂಡಿಗೆ ಹೋಗಿದ್ದಾಗ, ಮಗನ ಎಡಗಾಲು ಕುರ್ಚಿಯ ಪಟ್ಟಿಗೆ ಸಿಕ್ಕಿ ತಿರುಚಿಕೊಂಡಿತು. ಸೆಲ್ಲಪ್ಪ ಎದುರಿಗೇ ಕೂತಿದ್ದ. ಮಗನ ಹುಬ್ಬು ಮೇಲೆ ಕೆಳಗೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರಿತ್ತು. "ಸೆಕೆನಾ? ಫ್ಯಾನು ಜೋರು ಮಾಡ್ಲಾ? ನೀರು ಬೇಕಾ?" ಎಂದು ಒಂದೊಂದೇ ಕೇಳುತ್ತ ಹೋದನೇ ಹೊರತು, ಪಕ್ಕದಲ್ಲೇ ತುಂಬುತ್ತಿದ್ದ ಲ್ಯಾಪ್‌ಟಾಪು ತೆರೆಯಲು ಅವನ ಕೈ ಬರಲಿಲ್ಲ. ಸೊಸೆ ಬಂದು ಕಂಬಳಿ ಎತ್ತಿದಾಗ ಪಾದ ನೀಲಿಗಟ್ಟಿತ್ತು.

ಅವಳು ಅವತ್ತು ಕೂಗಾಡಲಿಲ್ಲ. ಮರುದಿನ ಲ್ಯಾಪ್‌ಟಾಪು ಎತ್ತಿಕೊಂಡು ರಿಪೇರಿ ಅಂಗಡಿಗೆ ಹೋದಳು, ಬಂದಳು, ಮಾವನ ಎದುರು ನಿಂತಳು.

"ಮಾವ, ಅಂಗಡಿಯಾಕೆ ಹೇಳಿದ್ರು. ಇದು ನಿಮ್ಮ ಕಾಲದ ಬ್ಯಾಟರಿ ಅಲ್ವಂತೆ. ಇದಕ್ಕೆ ನೆನಪೂ ಇಲ್ಲ, ಗಿನಪೂ ಇಲ್ಲ. ಪ್ರತಿ ಸಲ ತಳ ಕಾಣಿಸಿದ್ರೆ ಆಯುಸ್ಸು ತೇಯುತ್ತಂತೆ. ಇಪ್ಪತ್ತರ ಹತ್ತಿರ ಬಂದಾಗ ಹಾಕಿ, ಎಂಬತ್ತರ ಹತ್ತಿರ ತೆಗೀರಿ ಅಂದ್ರು. ಹಾಸಿಗೆ ಮೇಲೆ ಇಟ್ಟು ಬಿಸಿ ಮಾಡಬೇಡಿ ಅಂದ್ರು. ಹಾಕ್ಕೊಂಡೇ ಮಾತಾಡಿದ್ರೂ ಏನೂ ಆಗಲ್ಲ ಅಂದ್ರು."

"ಯಾರು ಆಕೆ?"

"ರಿಪೇರಿ ಮಾಡೋರು ಮಾವ."

"ಆಕೆಗೆ ವಯಸ್ಸೆಷ್ಟು?"

"ವಯಸ್ಸು ಯಾಕೆ? ಆಕೇನು ನನಗೆ ವಾರಗಿತ್ತಿ ಆಗ್ತಾರಾ?"

"ಬ್ಯಾಟರಿ ಕೆಟ್ರೆ ಅವಳಿಗೆ ವ್ಯಾಪಾರ. ನಿನಗೆ ಅಷ್ಟೂ ತಿಳಿಯಲ್ವೇನಮ್ಮ? ಅರ್ಧಂಬರ್ಧ ಚಾರ್ಜಿಗೆ ಒಬ್ಬನ್ನ ಕಳ್ಕೊಂಡಿದೀನಿ ನಾನು."

ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಒಳಗೆ ಹೋದಳು. ಈ ಮಾದರಿಗೆ ಹೊಸ ಬ್ಯಾಟರಿ ಹುಡುಕಿ ತರಿಸಬೇಕು, ಕಟ್ಟೆ ಬಿಡುವ ದಿನದೊಳಗೆ ಬರುವುದಿಲ್ಲ ಎಂದು ಅಂಗಡಿಯಾಕೆ ಹೇಳಿದ್ದನ್ನು ಅವಳು ಗಂಡನಿಗೆ ಮಾತ್ರ ಹೇಳಿದಳು. ಗಂಡ ಒಂದೊಂದೇ ಅಕ್ಷರ ಹೆಕ್ಕಿ, "ಅಪ್ಪನ ಹತ್ರ ವಾದ ಬೇಡ. ಅವನಿಗೆ ಉಳಿದಿರೋ ಕೆಲಸ ಇದೊಂದೇ," ಎಂದ. ಆ ಮಾತು ಪಕ್ಕದ ಕೋಣೆಯಲ್ಲಿದ್ದ ಸೆಲ್ಲಪ್ಪನಿಗೂ ಕೇಳಿಸಿತು. ಯಂತ್ರಕ್ಕೆ ಪಿಸುಮಾತು ಬರುವುದಿಲ್ಲವಲ್ಲ.

ಕಟ್ಟೆ ಬಿಡುವ ದಿನ ಬೆಳಿಗ್ಗೆ ಅವಳು ಚೀಲಕ್ಕೆ ನೀರಿನ ಬಾಟಲಿ, ಬಾಯಿ ಒರೆಸುವ ಬಟ್ಟೆ, ಕೊನೆಗೆ ಚಾರ್ಜರು ಹಾಕಿದಳು. ಸೆಲ್ಲಪ್ಪ ನೋಡಿದ. ಮೊನ್ನೆ ತಾನು ಇಲ್ಲದಾಗ ಅವಳು ಅರ್ಧಕ್ಕೇ ಚುಚ್ಚಿ ತೆಗೆದದ್ದೂ ಅವನಿಗೆ ಗೊತ್ತಿತ್ತು. ಸುರುಳಿ ಸುತ್ತಿದ ರೀತಿಯಲ್ಲೇ ತಿಳಿದಿತ್ತು. ಈಗ ಮಂಡಿಯಲ್ಲಿ ಅವಸರಕ್ಕೆ ಮತ್ತೆ ಅರ್ಧಕ್ಕೇ ಚುಚ್ಚುತ್ತಾಳೆ. ಇವತ್ತೇ, ಇವತ್ತೊಂದು ದಿನವೇ, ಬ್ಯಾಟರಿಗೆ ಆ ನೆನಪು ಬಂದುಬಿಟ್ಟರೆ? ಅವಳು ಗಂಡನಿಗೆ ಅಂಗಿಯ ಗುಂಡಿ ಹಾಕುತ್ತಿದ್ದಾಗ ಅವನು ಚಾರ್ಜರನ್ನು ಚೀಲದಿಂದ ಮೆಲ್ಲಗೆ ತೆಗೆದು, ಅಟ್ಟಣಿಗೆಯ ಮೇಲಿನ ಹೆಲ್ಮೆಟ್ಟಿನ ಒಳಗೆ ಇಟ್ಟ. ಬೆಳಗಿನ ಜಾವಕ್ಕೇ ಎದ್ದು ಬರಿದು ಮಾಡಿ ತುಂಬಿಸಿದ ಬ್ಯಾಟರಿ. ಅಂಕಿ ನೂರು ಎನ್ನುತ್ತಿತ್ತು. ನೂರೆಂದರೆ ನೂರು.

ಮಂಡಿಯಲ್ಲಿ ಅಂದಿನ ವ್ಯಾಪಾರ ಮುಗಿದು ನೆಲವೆಲ್ಲ ಸೊಪ್ಪಿನ ಕಡ್ಡಿ, ಒಡೆದ ಟೊಮ್ಯಾಟೊ. ಹಮಾಲರು ಕುರ್ಚಿಯ ಸಮೇತ ತುತ್ತೂರಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟರು. "ತೂಕ ಕಮ್ಮಿಯಾಗಿದೆ ಅಣ್ಣಾ," ಎಂದ ಒಬ್ಬ. "ಕಳೆ ಕೀಳಿಸ್ದೆ," ಎಂದಿತು ಲ್ಯಾಪ್‌ಟಾಪು ಸ್ವಲ್ಪ ಹೊತ್ತಿಗೆ, ಅದೇ ಹಳೆಯ ದನಿಯಲ್ಲಿ, ಮತ್ತು ಸುತ್ತ ನಿಂತವರೆಲ್ಲ ಒಂದು ಕ್ಷಣ ನಗಲೂ ಮರೆತು ನೋಡಿದರು. ಆ ದನಿ ಮಂಡಿಯಲ್ಲಿ ಕೇಳಿಸದೆ ವರ್ಷವಾಗಿತ್ತು.

ಅಧ್ಯಕ್ಷರು ಮುಂದೆ ಬಂದರು. "ಮೊದಲು ನನ್ನ ಪ್ರಶ್ನೆ. ಟೇಪಲ್ಲ ಅಂತ ಗೊತ್ತಾಗ್ಬೇಕಲ್ಲ. ಇವತ್ತು ಕಟ್ಟೆಗೆ ಹತ್ತುವಾಗ ನಿನ್ನ ಕಣ್ಣಿಗೆ ಬಿದ್ದ ಮಾಲು ಯಾವುದು?"

ಬೆರಳು ಒತ್ತಿತು, ಕಾಯಿತು, ಒತ್ತಿತು. ಸೆಲ್ಲಪ್ಪ ಅಂಕಿ ನೋಡುತ್ತಿದ್ದ. ತೊಂಬತ್ತು. ಎಂಬತ್ತೊಂದು.

"ನಿಮ್ಮ ತಮ್ಮನ ಮಗ ತಂದ ಹೂಕೋಸು. ಮೇಲೆ ಹೂವು, ಕೆಳಗೆ ಹುಳ."

ಮಂಡಿಗೆ ಮಂಡಿಯೇ ಬಿದ್ದುಬಿದ್ದು ನಕ್ಕಿತು. ಅಧ್ಯಕ್ಷರೂ ಮೀಸೆಯಡಿ ನಕ್ಕರು. "ಇವನು ಅವನೇ. ಯಾರಿಗೂ ಅನುಮಾನ ಇಲ್ಲ ತಾನೆ? ಇನ್ನೊಂದು ಕೇಳ್ತೀನಿ. ಹೆಂಡ್ತಿ ಅಂತ ಕೊಡ್ತಿದೀಯೋ, ಕೆಲಸ ಬಲ್ಲವಳು ಅಂತ ಕೊಡ್ತಿದೀಯೋ?"

ಅದಕ್ಕೆ ಉತ್ತರ ಉದ್ದವಾಯಿತು. ಅರವತ್ತಾರು. ಐವತ್ತೆಂಟು. ಸೆಲ್ಲಪ್ಪ ಕುರ್ಚಿಯ ಹತ್ತಿರಕ್ಕೆ ಸರಿದ. ಚಿಕ್ಕದಾಗಿ ಹೇಳೋ, ಎಂದು ಮನಸ್ಸಿನಲ್ಲೇ ಅಂದ. ಹುಟ್ಟಿದಾಗಿನಿಂದ ಮಗನಿಗೆ ಮಾತಾಡು ಎಂದೇ ಹೇಳಿದವನು, ಈಗ ಮೊದಲ ಸಲ ಹಾಗೆ ಅಂದ.

"ಹೆಂಡತಿ ಅಂತ ಕೊಡೋದಾದ್ರೆ ಸೀರೆ ಕೊಡ್ತಿದ್ದೆ. ನಾನು ಕೂಗಿದ್ದು ಬರೀ ಗಂಟಲಿಂದ. ಯಾವುದಕ್ಕೆ ಎಷ್ಟು ಅಂತ ಕೆಳಗಿಂದ ಕಣ್ಣಲ್ಲೇ ಹೇಳ್ತಿದ್ದದ್ದು ಅವಳು."

ಸೊಸೆ ಕತ್ತು ಬಗ್ಗಿಸಿದಳು. ಯಾರೋ ಚಪ್ಪಾಳೆ ತಟ್ಟಿದರು.

"ಸರಿ, ಕೂಗಪ್ಪಾ," ಎಂದರು ಅಧ್ಯಕ್ಷರು.

ಕೂಗುಗಳನ್ನು ಮೊದಲೇ ಕೂಡಿಸಿ ಇಟ್ಟಿದ್ದ. ಒಂದೊಂದಕ್ಕೂ ಒಂದು ಒತ್ತು ಸಾಕು. ಬೆರಳು ಒತ್ತಿತು. ಗಂಟಲಿದ್ದ ಕಾಲದಲ್ಲಿ ತುಂಬಿಸಿದ ತುತ್ತೂರಿ ತಗಡಿನ ಚಾವಣಿಗೆ ಬಡಿದು ಬಂತು: "ಈ ಕಟ್ಟೆ ನನ್ನ ಹೆಂಡತಿಗೆ, ಒಂದನೇ ಸಲ!"

ಅಂಕಿ ನಲವತ್ತನಾಲ್ಕು. ಕಟ್ಟಳೆಯ ಪ್ರಕಾರ ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಬೇಕು, ತಕರಾರಿದ್ದವರು ಹೇಳಲಿ ಎಂದು. ಯಾರೂ ಹೇಳಲಿಲ್ಲ.

"ಈ ಕಟ್ಟೆ ನನ್ನ ಹೆಂಡತಿಗೆ, ಎರಡನೇ ಸಲ!"

ನಲವತ್ತೊಂದು. ಬಿಡುವು. ಮಗ ಹೆಂಡತಿಯ ಕಡೆ ನೋಡಿದ. ಬೆರಳು ಗುಂಡಿಯ ಮೇಲೆ ಸಿದ್ಧವಾಗಿತ್ತು. ಸೆಲ್ಲಪ್ಪ ಉಸಿರು ಬಿಟ್ಟ: ನಲವತ್ತೊಂದೆಂದರೆ ಇನ್ನೂ ಬೇಕಾದಷ್ಟಾಯಿತು. ಅಷ್ಟು ಅಂದುಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು. ಮೂವತ್ತಿಲ್ಲ, ಇಪ್ಪತ್ತಿಲ್ಲ, ನಲವತ್ತೊಂದರಿಂದ ನೇರ ಬಾವಿಗೆ ಬಿದ್ದ ಹಾಗೆ.

ಬೆರಳು ಒತ್ತಿತು. ಮತ್ತೆ ಒತ್ತಿತು.

"ಅರ್ಧಕ್ಕೇ..." ಎಂದಿತು ಸೆಲ್ಲಪ್ಪನ ಬಾಯಿ. ಇವಳು ಮೊನ್ನೆ ಅರ್ಧಕ್ಕೆ ಚುಚ್ಚಿದ್ದೇ ಕಾರಣ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಇಳಿಯಲಿಲ್ಲ. ಒಂದು ದಿನದ ಅರ್ಧಕ್ಕೆ ಯಾವ ಬ್ಯಾಟರಿಯೂ ನೆನಪು ಕಟ್ಟಿಕೊಳ್ಳುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇದು ನೆನಪಲ್ಲ. ಇದು ಸವೆತ. ದಿನದಿನವೂ ತಳಕ್ಕೆ ಸೌಟು ತಾಗಿಸಿ ಕೆರೆದು ಕೆರೆದು ಪಾತ್ರೆಯೇ ತೂತಾದದ್ದು.

ಸೊಸೆ ಆಗಲೇ ಚೀಲಕ್ಕೆ ಕೈಹಾಕಿದ್ದಳು. ಬಾಟಲಿ ತೆಗೆದಳು, ಬಟ್ಟೆ ತೆಗೆದಳು, ಚೀಲವನ್ನೇ ಬೋರಲು ಹಾಕಿ ಕೊಡವಿದಳು. "ಇಲ್ಲೇ ಹಾಕಿದ್ದೆ. ಮಾವ, ನಾನು ಹಾಕಿದ್ದನ್ನ ನೀವು ನೋಡಿದ್ರಿ ಅಲ್ವಾ?"

"ಮನೇಲಿದೆ," ಎಂದ ಸೆಲ್ಲಪ್ಪ.

"ಹೇಗೆ?"

"ನಾನೇ ತೆಗೆದಿಟ್ಟೆ."

ಅವಳು ಅವನನ್ನು ನೋಡಿದಳು. ಮಗನೂ ನೋಡಿದ. ಆ ಎರಡು ನೋಟಗಳ ನಡುವೆ ನಿಲ್ಲುವುದಕ್ಕಿಂತ ಬೆಂಕಿಗೆ ನುಗ್ಗುವುದು ಸುಲಭವಿತ್ತು.

ಲೆಕ್ಕದ ಕೋಣೆಯ ಗುಮಾಸ್ತ ತನ್ನ ಚಾರ್ಜರು ತಂದ, ಪಿನ್ನು ಕೂರಲಿಲ್ಲ. ಆಗ ಹಿಂದಿನಿಂದ ಹುಬ್ಬಣ್ಣ ಮುಂದೆ ಬಂದ. ಆಲೂಗಡ್ಡೆ ಕೊಳ್ಳುವವನು, ಇಷ್ಟು ವರ್ಷ ಬಾಯಿ ತೆರೆಯದೆ ಎಡಹುಬ್ಬು ಎತ್ತಿಯೇ ಮಾಲು ಕೊಂಡವನು. ಅವನು ಮಾತಾಡಿದ್ದೇ ಮಂಡಿಗೆ ಒಂದು ಸುದ್ದಿ.

"ಅಧ್ಯಕ್ಷರೇ, ನನ್ನ ಹುಬ್ಬಿಗೆ ಬೆಲೆ ಇದೆ ತಾನೆ? ಹುಬ್ಬೆತ್ತಿದ್ರೆ ಮಾತು ಕೊಟ್ಟ ಹಾಗೆ ಅಂತ ಈ ತುತ್ತೂರಿನೇ ನನಗೆ ಎಷ್ಟು ಸಲ ಕೊಳೆತ ಮೂಟೆ ಕಟ್ಟಿದಾನೆ. ಈಗ ಅವನ ಹುಬ್ಬು ಎದ್ದಿದೆ, ನೋಡಿ. ಮೂರನೇ ಸಲ ಅಂತ ಬರ್ಕೊಳ್ಳಿ."

ನಿಜ, ಮಗನ ಎರಡೂ ಹುಬ್ಬು ಹಣೆಯ ಮೇಲಕ್ಕೆ ಏರಿದ್ದವು.

ಅಧ್ಯಕ್ಷರು ಆ ಹುಬ್ಬುಗಳನ್ನು ನೋಡಿ ತಲೆಯಾಡಿಸಿದರು. "ಕೊಳ್ಳೋನಿಗೆ ಹುಬ್ಬು, ಕೊಡೋನಿಗೆ ಬಾಯಿ. ಇದು ನಾನು ಮಾಡಿದ ಕಟ್ಟಳೆ ಅಲ್ಲ ಹುಬ್ಬಣ್ಣ. ಇವನೇ ಈ ಕಟ್ಟೆ ಮೇಲೆ ನಿಂತು ಎಷ್ಟೋ ಜನರಿಗೆ ಹೇಳಿದಾನೆ. ಇವತ್ತು ನಾನು ಸಡಿಲ ಮಾಡಿದ್ರೆ, ನಾಳೆ ಹಾಸಿಗೆ ಹಿಡಿದವನ ಹುಬ್ಬು ಎದ್ದಿತ್ತು ಅಂತ ಯಾರು ಬೇಕಾದ್ರೂ ಬರ್ತಾರೆ." ಆಮೇಲೆ ಸೆಲ್ಲಪ್ಪನ ಕಡೆ ತಿರುಗಿ, ಸ್ವಲ್ಪ ಮೆತ್ತಗೆ, "ಮುಚ್ಚೋ ಗಂಟೆಗೆ ಇನ್ನೂ ಹೊತ್ತಿದೆ. ಹೋಗಿ ತನ್ನಿ ಯಜಮಾನ್ರೇ," ಎಂದರು.

"ನಾನು ಹೋಗ್ತೀನಿ, ಎಲ್ಲಿದೆ ಹೇಳಿ," ಎಂದಳು ಸೊಸೆ.

ಆದರೆ ಸೆಲ್ಲಪ್ಪ ಆಗಲೇ ಹೊರಟಿದ್ದ. ಮಂಡಿಯ ಓಣಿಯಲ್ಲಿ ಕೈಗಾಡಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಾಗೆ ನಿಂತಿದ್ದವು. ಗಾಡಿಯ ಮೇಲೆ ಹೋಗುವವನಿಗಿಂತ ಕಾಲಲ್ಲಿ ಹೋಗುವವನೇ ಬೇಗ. ಮುರಿದು ಕೂಡಿದ್ದ ಕಾಲು ಓಟ ಮರೆತಿತ್ತು. ಎಡಗಡೆ ಬಾಗಿಲು, ಎಡಗಡೆ ಬಾಗಿಲು ಎಂದು ತಲೆಯೊಳಗೆ ಯಾರೋ ಬಡಿಯುತ್ತಿದ್ದರು. ಮನೆಗೆ ಬಂದು ಸ್ಟೂಲು ಹತ್ತಿ ಹೆಲ್ಮೆಟ್ಟು ಬೋರಲು ಮಾಡಿದ. ಅಚ್ಚುಕಟ್ಟಾಗಿ ಸುತ್ತಿದ ವೈರು ಅಂಗೈಗೆ ಬಿತ್ತು. ಎಷ್ಟು ಚೆಂದ ಸುತ್ತಿದ್ದೀನಿ, ಎಂದು ಒಂದು ಕ್ಷಣ ಅನ್ನಿಸಿತು ಅವನಿಗೆ, ಮತ್ತು ಹಾಗೆ ಅನ್ನಿಸಿದ್ದಕ್ಕೇ ಅಸಹ್ಯವಾಯಿತು.

ವಾಪಸು ಬರುವಷ್ಟರಲ್ಲಿ ಹಮಾಲರು ಕುರ್ಚಿಯನ್ನು ಇಳಿಸಿ ತೂಕದ ಕೋಣೆಯ ಬಾಗಿಲಿಗೆ ತಂದಿದ್ದರು. ಪ್ಲಗ್ಗು ಇದ್ದದ್ದು ಅಲ್ಲಿ ಮಾತ್ರ. ಅಲ್ಲಿಂದ ಕೂಗಿದರೂ ಕಟ್ಟೆಯಿಂದ ಕೂಗಿದಂತೆಯೇ ಎಂದು ಅಧ್ಯಕ್ಷರೇ ಹೇಳಿದ್ದರಂತೆ. ಸೊಸೆ ಅವನ ಕೈಯಿಂದ ಚಾರ್ಜರು ಕಿತ್ತುಕೊಂಡು ಚುಚ್ಚಿದಳು. ಪುಟ್ಟ ದೀಪ ಕೆಂಪಗೆ ಹೊತ್ತಿತು. ಗುಂಡಿ ಒತ್ತಿದಳು. ಪರದೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಮೂಡಿ ಮಾಯವಾಯಿತು. ಮತ್ತೆ ಒತ್ತಿದಳು. ಮತ್ತೆ ಅದೇ.

"ಯಾಕೆ ಏಳ್ತಿಲ್ಲ ಮಾವ?"

"ತಳ ಕಂಡಿದೆ," ಎಂದ ಸೆಲ್ಲಪ್ಪ, ಮೇಲುಸಿರಿನ ನಡುವೆ. "ಮೊದಲು ತಾನು ಒಂದು ಗುಟುಕು ಕುಡೀಬೇಕು. ಆಮೇಲೆ ಕಣ್ಣು ಬಿಡೋದು. ಒತ್ತಬೇಡ. ಒತ್ತಿದಷ್ಟೂ ತಡ."

ಅವರು ಕಾದರು. ಮಂಡಿಯೆಲ್ಲ ಆ ಕೆಂಪು ದೀಪದ ಸುತ್ತ ಕಾಯಿತು. ಗಂಟೆಯವನು ಹಗ್ಗ ಹಿಡಿದು ಅಧ್ಯಕ್ಷರ ಮುಖ ನೋಡಿದ. ಅವರು ಗಡಿಯಾರ ನೋಡಿದರು. ಗಂಟೆಯವನು ಹಗ್ಗ ಸಿಕ್ಕಾಗಿದೆ ಎಂಬಂತೆ ಬಿಡಿಸಿದ, ಇಲ್ಲದ ಗಂಟನ್ನು ಮತ್ತೆ ಬಿಡಿಸಿದ, ಅಂಗೈಗೆ ಉಗುಳಿಕೊಂಡ, ಇನ್ನೊಮ್ಮೆ ನೋಡಿದ. ಎಷ್ಟು ಹೊತ್ತು ನಾಟಕ ಆಡಿಯಾನು? ಗಂಟೆ ಬಡಿಯಿತು.

ಬಡಿತದ ಗುಂಯ್‌ಗುಡುವಿಕೆ ತಗಡಿನಲ್ಲಿ ಇನ್ನೂ ಸುತ್ತುತ್ತಿದ್ದಾಗ ಪರದೆ ಬೆಳಗಿತು. ಸಾಲುಗಳು ಮೂಡಿದವು. ಗಂಟೆ ಕೇಳಿಸದವನಂತೆ ಮಗ ಬೆರಳು ಒತ್ತಿದ.

"ಈ ಕಟ್ಟೆ ನನ್ನ ಹೆಂಡತಿಗೆ, ಮೂರನೇ ಸಲ!"

ಹೊರಟಿದ್ದವರು ನಿಂತರು. ಮೂಟೆ ಹೊತ್ತವರು ಹೊತ್ತಲ್ಲೇ ನಿಂತರು. ಅಧ್ಯಕ್ಷರು ಟೋಪಿ ತೆಗೆದು ತಲೆ ಕೆರೆದುಕೊಂಡು, ಯಾರ ಮುಖವನ್ನೂ ನೋಡದೆ, "ಗಂಟೆ ಆಯ್ತಲ್ಲಪ್ಪ," ಎಂದರು. ಅಷ್ಟೇ ಅಂದು ಹೋದರು. ತಮ್ಮನ ಮಗ ಅವರ ಹಿಂದೆ ಹೋದ.

ಹುಬ್ಬಣ್ಣ ಸೊಸೆಯ ಹತ್ತಿರ ಬಂದ. "ಮುಂದಿನ ಸಂತೆಗೆ ಬಹಿರಂಗ ಹರಾಜು ತಾನೆ? ನೀನೂ ನಿಂತ್ಕೋ ತಾಯಿ. ಅವತ್ತು ನನ್ನ ಹುಬ್ಬು ಏಳಲ್ಲ. ಇನ್ನೂ ನಾಲ್ಕು ಜನರಿಗೆ ಹೇಳ್ತೀನಿ." ಸ್ವಲ್ಪ ತಡೆದು ಸೇರಿಸಿದ: "ಅಧ್ಯಕ್ಷರ ಮನೆಯೋರ ಹುಬ್ಬು ನನ್ನ ಕೈಲಿಲ್ಲ."

ಮೂವರೂ ಮನೆಯ ದಾರಿ ಹಿಡಿದರು. ಸೊಸೆ ಕುರ್ಚಿ ತಳ್ಳಿದಳು. ಸೆಲ್ಲಪ್ಪ ಒಂದು ಹೆಜ್ಜೆ ಹಿಂದೆ ಕುಂಟುತ್ತ ಬಂದ. ಎದುರು ಬಂದ ಪರಿಚಯದವರು "ಆಯ್ತಾ?" ಎಂದು ಕೇಳಿದರೆ ಅವಳೇ "ಆಗ್ಲಿಲ್ಲ" ಎನ್ನುತ್ತಿದ್ದಳು, ಯಾಕೆ ಎಂದು ಕೇಳಿದವರಿಗೆ "ಚಾರ್ಜು ಮುಗೀತು" ಎಂದಷ್ಟೇ. ಚಾರ್ಜರನ್ನು ಯಾರು ತೆಗೆದಿಟ್ಟರೆಂದು ಅವಳು ಬೀದಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಸೆಲ್ಲಪ್ಪನಿಗೆ ಹಗುರವಾಗುತ್ತಿತ್ತು.

ಸಂಜೆಯಾಯಿತು. ಬರಿದು ಮಾಡುವ ಹೊತ್ತು. ಸೊಸೆ ಲ್ಯಾಪ್‌ಟಾಪನ್ನು ಗಂಡನ ಎದುರಿನ ಹಲಗೆಯ ಮೇಲೆ ಇಟ್ಟು, ಅಂಕಿ ಮೂವತ್ತರ ಹತ್ತಿರ ಇದ್ದಾಗಲೇ ಚಾರ್ಜರು ಚುಚ್ಚಿದಳು. ಮಾವನ ಮುಖ ನೋಡಿ ಚುಚ್ಚಿದಳು. ಸೆಲ್ಲಪ್ಪ ತನ್ನ ಕುರ್ಚಿಯನ್ನು ಪರದೆ ಕಾಣದ ಕಡೆಗೆ ಎಳೆದುಕೊಂಡ.

ಗುಂಡಿಯ ಸದ್ದು ಕೇಳಿಸತೊಡಗಿತು. ಟಕ್. ಬಹಳ ಹೊತ್ತು ಬಿಟ್ಟು, ಟಕ್. ಮಗ ಏನೋ ಕೂಡಿಸುತ್ತಿದ್ದಾನೆ. ಏನು ಅಂದಾನು? ಏನು ಅಂದರೂ ಕಡಿಮೆಯೇ. ಸೆಲ್ಲಪ್ಪ ಅಟ್ಟಣಿಗೆಯ ಕಡೆ ನೋಡಿದ. ಚಾರ್ಜರು ತೆಗೆದ ಹೆಲ್ಮೆಟ್ಟು ಅಡ್ಡಲಾಗಿ ಹಾಗೇ ಬಿದ್ದಿತ್ತು, ಒಳಗೆ ಬರೀ ಕತ್ತಲೆ.

"ಅಪ್ಪಾ," ಎಂದಿತು ದನಿ.

"ಹೇಳಪ್ಪ."

ಟಕ್. ಟಕ್.

"ವೈರು ತೆಗೀಬೇಡ."

"ತೆಗೆಯಲ್ಲ."

"ಸೋರೆಕಾಯಿ ಕತೆ ಮುಗಿಸ್ಬೇಕು."

ಮಡಿಸುತ್ತಿದ್ದ ಬಟ್ಟೆಯಲ್ಲಿ ಸೊಸೆ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸೆಲ್ಲಪ್ಪ ಕುರ್ಚಿಯನ್ನು ಮತ್ತೆ ಹತ್ತಿರಕ್ಕೆ ಎಳೆದ. ಅಂಕಿ ಏರುತ್ತಿತ್ತು. ಮಗ ಮಾತಾಡುತ್ತಿರುವಾಗ ಆ ಅಂಕಿ ಏರುವುದನ್ನು ಅವನು ಎಂದೂ ಕಂಡಿರಲಿಲ್ಲ. ಆದರೆ ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ, ಕೆಳಗಿಳಿಯಿತು, ಗುಂಡಿಯ ಮೇಲಿದ್ದ ಬೆರಳಿನ ಹತ್ತಿರ ಬಂತು.

ಬೇಕಾದ ಸಾಲು ಬೆಳಗಿತು. ಬೆರಳು ನಡುಗಿತು, ಒತ್ತಲಾಗಲಿಲ್ಲ. ಸಾಲು ದಾಟಿಹೋಯಿತು. ಮೂವರೂ ಅದು ಮತ್ತೊಂದು ಸುತ್ತು ಬರುವುದನ್ನೇ ಕಾಯುತ್ತ ಕೂತರು.